ಚಿಕ್ಕ ಪಾತ್ರದಿಂದ ಓದಲು ಶುರು ಮಾಡಿ

ಎಲ್ಲರಿಗೂ ನಮಸ್ಕಾರ.

ಹವ್ಯಾಸಿ ನಾಟಕ ತಂಡದಲ್ಲಿ ಇರುವವರಿಗೆ ಈ ಸಂಜೆ ಚೆನ್ನಾಗಿ ಗೊತ್ತು. ಎಲ್ಲರೂ ಸುತ್ತ ಕೂತಿರುತ್ತಾರೆ. ಪ್ರಶ್ನೆ ಒಂದೇ: ಈ ಸಲ ಯಾವ ನಾಟಕ ಆಡೋಣ? ಒಬ್ಬರು ಈಚೆಗೆ ನೋಡಿ ಬಂದ ನಾಟಕದ ಹೆಸರು ಹೇಳುತ್ತಾರೆ. ಇನ್ನೊಬ್ಬರಿಗೆ ಕಾಲೇಜಿನಲ್ಲಿ ಆಡಿದ್ದು ನೆನಪಾಗುತ್ತದೆ. ಮತ್ತೊಬ್ಬರಿಗೆ ಜನ ನಗಬೇಕು, ಅಷ್ಟೇ. ರಾತ್ರಿ ಆಗುತ್ತದೆ, ಎಲ್ಲರಿಗೂ ಸುಸ್ತಾಗುತ್ತದೆ, ಗಟ್ಟಿಯಾಗಿ ಮಾತಾಡಿದವರ ನಾಟಕ ಉಳಿದುಕೊಳ್ಳುತ್ತದೆ. ಮುಂದಿನ ಎರಡು ತಿಂಗಳು ಇಪ್ಪತ್ತು ಜನರ ಸಂಜೆಗಳು ಆ ಒಂದು ತೀರ್ಮಾನಕ್ಕೆ ಹೋಗುತ್ತವೆ.

ನಾನು ಬಹಳ ವರ್ಷ ಹೀಗೇ ನಾಟಕ ಆರಿಸಿದೆ. ಈಗ ಬೇರೆ ರೀತಿ ಮಾಡುತ್ತೇನೆ. ಪುಸ್ತಕ ಕೈಗೆ ಬಂದ ಕೂಡಲೇ ಅದರಲ್ಲಿ ಎಲ್ಲಕ್ಕಿಂತ ಚಿಕ್ಕ ಪಾತ್ರ ಯಾವುದು ಎಂದು ಹುಡುಕುತ್ತೇನೆ. ಮೊದಲ ಸಲ ನಾಟಕವನ್ನು ಆ ಪಾತ್ರದ ಜಾಗದಲ್ಲಿ ನಿಂತು ಓದುತ್ತೇನೆ. ಇವರು ಯಾವಾಗ ಬರುತ್ತಾರೆ? ಬಂದಾಗ ಏನು ಬದಲಾಗುತ್ತದೆ? ಇವರು ಬರದೇ ಇದ್ದರೆ ನಾಟಕ ನಡೆಯುತ್ತದಾ?

ಇದನ್ನು ನನಗೆ ಕಲಿಸಿದ್ದು ಒಂದು ಹುಡುಗಿ. ಒಂದು ದೊಡ್ಡ ಮನೆಯ ಕಥೆ ಇರುವ ನಾಟಕ ಮಾಡಿಸುತ್ತಿದ್ದೆ. ಅದರಲ್ಲಿ ಮನೆಗೆಲಸದವಳ ಪಾತ್ರಕ್ಕೆ ನಾಲ್ಕು ಮಾತು. ಆ ಹುಡುಗಿ ಎಂಟು ವಾರ ಒಂದು ದಿನವೂ ತಪ್ಪಿಸದೆ ತಾಲೀಮಿಗೆ ಬಂದಳು. ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಿದ್ದಳು. ತನ್ನ ಸರದಿ ಬಂದಾಗ ಎದ್ದು ಬಂದು, ಲೋಟ ಇಟ್ಟು, ಹೋಗಿ ಮತ್ತೆ ಕೂರುತ್ತಿದ್ದಳು. ಪ್ರದರ್ಶನ ಚೆನ್ನಾಗಿ ಆಯಿತು, ಜನ ಚಪ್ಪಾಳೆ ಹೊಡೆದರು. ಮುಂದಿನ ವರ್ಷ ಅವಳು ಬರಲಿಲ್ಲ. ಫೋನ್ ಮಾಡಿದಾಗ ತುಂಬ ಮರ್ಯಾದೆಯಿಂದ 'ಟೈಮ್ ಆಗ್ತಿಲ್ಲ ಸರ್' ಅಂದಳು. ತಪ್ಪು ಅವಳದಲ್ಲ. ಆ ನಾಟಕ ಆರಿಸಿದ್ದು ನಾನು.

ವೃತ್ತಿ ನಾಟಕದಲ್ಲಿ ನಾಲ್ಕು ಮಾತಿನ ಪಾತ್ರ ಮಾಡಿದವರಿಗೆ ಸಂಬಳ ಸಿಗುತ್ತದೆ. ನಮ್ಮಲ್ಲಿ ಸಿಗುವುದು ಆ ಪಾತ್ರ ಮಾತ್ರ. ನಾವು ಕೊಡುವ ಸಂಬಳವೇ ಪಾತ್ರ. ಆದ್ದರಿಂದ ಒಳ್ಳೆಯ ನಾಟಕ ಎಂಬ ಮಾತಿಗೆ ಹವ್ಯಾಸಿ ತಂಡದಲ್ಲಿ ಅರ್ಥ ಸ್ವಲ್ಪ ಬೇರೆ. ಓದಲು ಎಷ್ಟೇ ಸೊಗಸಾಗಿದ್ದರೂ, ಇಬ್ಬರು ಮಾತಾಡಿ ಹತ್ತು ಜನ ಸುಮ್ನೆ ನಿಲ್ಲುವ ನಾಟಕ ನಮಗೆ ಒಳ್ಳೆಯದಲ್ಲ.

ಚಿಕ್ಕ ಪಾತ್ರ ಎಂದರೆ ಮಾತು ಕಡಿಮೆ ಇರುವ ಪಾತ್ರ ಎಂದು ತಿಳಿಯಬೇಡಿ. ಗ್ರೀಕ್ ದುರಂತ ನಾಟಕಗಳಲ್ಲಿ ಒಬ್ಬ ದೂತ ಬರುತ್ತಾನೆ. ಅವನಿಗೆ ಹೆಸರೂ ಇರುವುದಿಲ್ಲ. ಸಾವು, ಕೊಲೆ ಇವೆಲ್ಲ ಹೆಚ್ಚಾಗಿ ರಂಗದ ಹೊರಗೆ ನಡೆದಿರುತ್ತವೆ, ಅದನ್ನು ಬಂದು ಹೇಳುವವನು ಇವನು. ಇಡೀ ನಾಟಕ ಕಾಯುತ್ತಿದ್ದ ಸುದ್ದಿ ಇವನ ಬಾಯಲ್ಲಿ ಇದೆ. ರಾಜ, ರಾಣಿ, ಪ್ರೇಕ್ಷಕರು ಎಲ್ಲರೂ ಆ ಹೊತ್ತು ಅವನ ಮುಖವನ್ನೇ ನೋಡುತ್ತಾರೆ. ಒಂದೇ ಸಲ ಬಂದು ಹೋಗುವ ಇಂಥ ಪಾತ್ರಕ್ಕಾಗಿ ಎಂಟು ವಾರ ಖುಷಿಯಿಂದ ಬರಬಹುದು, ಅಲ್ವಾ?

ಆ ಗ್ರೀಕ್ ನಾಟಕಗಳನ್ನು ಆಡುತ್ತಿದ್ದ ಅಥೆನ್ಸ್ ನಗರದ ಬಗ್ಗೆ ಇನ್ನೂ ಒಂದು ಮಾತು. ಅಲ್ಲಿ ಮಾತಾಡುವ ಪಾತ್ರಗಳನ್ನೆಲ್ಲ ಹೆಚ್ಚಾಗಿ ಮೂರು ಜನ ನಟರು ಮುಖವಾಡ ಬದಲಿಸಿ ಬದಲಿಸಿ ಮಾಡುತ್ತಿದ್ದರು. ಅವರ ಜೊತೆ ಹಾಡಿ ಕುಣಿಯುವ ಮೇಳ ಇತ್ತು. ದುರಂತ ನಾಟಕದ ಮೇಳದಲ್ಲಿ ಮೊದಲು 12 ಜನ, ಆಮೇಲೆ 15. ಹಾಸ್ಯ ನಾಟಕದಲ್ಲಿ 24. ಈ ಮೇಳದವರು ನಟನೆಯನ್ನೇ ಕಸುಬು ಮಾಡಿಕೊಂಡವರಲ್ಲ. ಊರಿನ ನಾಗರಿಕರು. ಅವರ ತರಬೇತಿಯ ಖರ್ಚನ್ನು ಒಬ್ಬ ಶ್ರೀಮಂತ ಹೊರುತ್ತಿದ್ದ. ಅಂದರೆ ನಾವು ಇಂದಿಗೂ ಆಡುವ ಆ ಹಳೆಯ ನಾಟಕಗಳು ಬರೆಯುವಾಗಲೇ ನಮ್ಮಂಥವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದವು. ನನಗೆ ಇದು ತುಂಬ ಧೈರ್ಯ ಕೊಟ್ಟ ವಿಷಯ.

ತಂಡ ದೊಡ್ಡದಿದ್ದರೆ ಮೇಳ ಇರುವ ನಾಟಕ ಹುಡುಕಿ. ಹೊಸದಾಗಿ ಬಂದವರಿಗೆ ಒಬ್ಬರೇ ನಿಂತು ಮಾತಾಡುವ ಭಯ ಇರುತ್ತದೆ. ಮೇಳದಲ್ಲಿ ಆ ಭಯ ಹಂಚಿಹೋಗುತ್ತದೆ. ಒಬ್ಬರು ಮರೆತರೆ ಪಕ್ಕದವರು ಹಿಡಿದುಕೊಳ್ಳುತ್ತಾರೆ. ಜೊತೆಗೆ ಅವರು ಇಡೀ ನಾಟಕದಲ್ಲಿ ರಂಗದ ಮೇಲೆ ಇರುತ್ತಾರೆ, ಕೇಳುತ್ತಾರೆ, ಪ್ರತಿಕ್ರಿಯೆ ಕೊಡುತ್ತಾರೆ. ನಟನೆಯಲ್ಲಿ ಕಲಿಯಲು ಅತಿ ಕಷ್ಟವಾದದ್ದು ಕೇಳುವುದು. ಅದಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ನಾನು ಕಂಡಿಲ್ಲ. ಆದರೆ ಒಂದು ಎಚ್ಚರಿಕೆ. ಒಟ್ಟಿಗೆ ಮಾತಾಡುವುದು ಬಂತು ಎನ್ನುವಷ್ಟರಲ್ಲಿ ತಾಲೀಮಿನ ಅರ್ಧ ಸಮಯ ಮುಗಿದಿರುತ್ತದೆ. ಅಷ್ಟು ಸಮಯ ಇದೆಯಾ ನೋಡಿಕೊಳ್ಳಿ.

ಇನ್ನು ನಾನು ಪ್ರತಿ ನಾಟಕಕ್ಕೂ ಮಾಡುವ ಒಂದು ಕೆಲಸ. ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ಒಂದರ ಕೆಳಗೆ ಒಂದು ಪಾತ್ರಗಳ ಹೆಸರು ಬರೆಯಿರಿ. ಮೇಲುಗಡೆ ಅಡ್ಡಕ್ಕೆ ದೃಶ್ಯಗಳು. ದೃಶ್ಯ ಎಂದರೆ ಪುಸ್ತಕದಲ್ಲಿ ಅಚ್ಚಾದ ದೃಶ್ಯ ಅಲ್ಲ. ಯಾರಾದರೂ ಒಬ್ಬರು ಒಳಗೆ ಬಂದರೆ ಅಥವಾ ಹೊರಗೆ ಹೋದರೆ ಅದು ಹೊಸ ತುಂಡು. ಯಾವ ತುಂಡಿನಲ್ಲಿ ಯಾರು ಇದ್ದಾರೋ ಅಲ್ಲಿ ಗುರುತು ಹಾಕಿ. ಒಂದು ಸಂಜೆಯ ಕೆಲಸ, ಅಷ್ಟೇ.

ಈ ಹಾಳೆ ಪುಸ್ತಕ ಹೇಳದ ಎಷ್ಟೋ ಸಂಗತಿ ಹೇಳುತ್ತದೆ. ಒಬ್ಬರ ಸಾಲಿನಲ್ಲಿ ಎರಡೇ ಗುರುತು ಇದ್ದರೆ ಅವರನ್ನು ಪ್ರತಿ ಸಂಜೆ ಕರೆಯಬೇಕಾಗಿಲ್ಲ. ಇಬ್ಬರು ಎಲ್ಲಿಯೂ ಎದುರಾಗದಿದ್ದರೆ ಆ ಎರಡು ಪಾತ್ರ ಒಬ್ಬರೇ ಮಾಡಬಹುದು. ಎಲ್ಲ ಕಾಲಮ್ಮಿನಲ್ಲೂ ಹತ್ತು ಹತ್ತು ಗುರುತು ಇದ್ದರೆ ಹುಷಾರು. ನಮ್ಮ ತಂಡದಲ್ಲಿ ಎಲ್ಲರೂ ಕೆಲಸಕ್ಕೆ ಹೋಗುವವರು. ಒಬ್ಬರಿಗೆ ರಾತ್ರಿ ಪಾಳಿ, ಒಬ್ಬರ ಮಗುವಿಗೆ ಜ್ವರ. ಹತ್ತು ಜನರೂ ಒಟ್ಟಿಗೆ ಸಿಗುವ ಸಂಜೆ ತಿಂಗಳಿಗೆ ಎಷ್ಟು? ಇಬ್ಬರು, ಮೂವರು ಭೇಟಿಯಾಗಿ ಬಿಡಿಸಿಕೊಳ್ಳುವ ದೃಶ್ಯಗಳು ಜಾಸ್ತಿ ಇರುವ ನಾಟಕ ನಮ್ಮ ಬದುಕಿಗೆ ಹೊಂದುತ್ತದೆ. ನಾಟಕ ಬಿದ್ದುಹೋಗಲು ನಟನೆಗಿಂತ ಹಾಜರಾತಿ ಕಾರಣವಾಗುವುದನ್ನು ನಾನು ಜಾಸ್ತಿ ನೋಡಿದ್ದೇನೆ.

ಮುಖ್ಯ ಪಾತ್ರಕ್ಕೆ ಇಬ್ಬರನ್ನು ತಯಾರು ಮಾಡುವುದೂ ಒಂದು ದಾರಿ. ಜರ್ಮನಿಯ ಓಬರಾಮ್ಮರ್‌ಗೌ ಎಂಬ ಹಳ್ಳಿಯವರು 1634ರಿಂದ ಯೇಸುವಿನ ಕೊನೆಯ ದಿನಗಳ ನಾಟಕ ಆಡುತ್ತಾ ಬಂದಿದ್ದಾರೆ. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ. ಕಳೆದ ಸಲದ್ದು 2020ರಲ್ಲಿ ಆಗಬೇಕಿತ್ತು, ಸಾಂಕ್ರಾಮಿಕದಿಂದಾಗಿ 2022ಕ್ಕೆ ಹೋಯಿತು. ಆಡುವವರು ಊರಿನವರೇ. ಅಲ್ಲಿ ದೊಡ್ಡ ಪಾತ್ರಗಳಿಗೆ ಇಬ್ಬಿಬ್ಬರು ಇರುತ್ತಾರೆ, ಸರದಿಯಂತೆ ಆಡುತ್ತಾರೆ. ನಮ್ಮ ಮೂರು ಪ್ರದರ್ಶನದ ನಾಟಕಕ್ಕೂ ಇದು ಆಗುತ್ತದೆ. ಒಬ್ಬರು ಎರಡು ಸಲ, ಇನ್ನೊಬ್ಬರು ಒಂದು ಸಲ.

ಈಗ ಎಲ್ಲ ತಂಡಗಳ ತಲೆನೋವು. ಬರುವವರಲ್ಲಿ ಹೆಂಗಸರು ಜಾಸ್ತಿ ಇರುತ್ತಾರೆ, ನಾಟಕಗಳಲ್ಲಿ ಗಂಡಸರ ಪಾತ್ರ ಜಾಸ್ತಿ ಇರುತ್ತದೆ. ಬಹಳ ತಂಡಗಳು ಗಂಡಸರ ಪಾತ್ರಕ್ಕೆ ಸೀರೆ ಉಡಿಸಿ ಸಮಾಧಾನ ಮಾಡಿಕೊಳ್ಳುತ್ತವೆ. ಗುಮಾಸ್ತ, ವೈದ್ಯ, ನೆರೆಮನೆಯವರು, ಇಂಥ ಪಾತ್ರಗಳಲ್ಲಿ ಅದು ಸಲೀಸಾಗಿ ಆಗುತ್ತದೆ. ಆದರೆ ಹೆಂಗಸರಿಗಾಗಿಯೇ ಬರೆದ ನಾಟಕಗಳೂ ಇವೆ, ಅವನ್ನು ಹುಡುಕುವ ಶ್ರಮ ತೆಗೆದುಕೊಳ್ಳಿ ಎಂದು ನಾನು ಕೇಳಿಕೊಳ್ಳುತ್ತೇನೆ.

ನನಗೆ ತುಂಬ ಇಷ್ಟವಾದ ಒಂದು ಉದಾಹರಣೆ ಕೊಡುತ್ತೇನೆ. 1916ರ ಬೇಸಿಗೆ. ಅಮೆರಿಕದ ಪ್ರಾವಿನ್ಸ್‌ಟೌನ್ ಎಂಬ ಕಡಲ ತೀರದ ಊರು. ಅಲ್ಲಿ ಕೆಲವು ಬರಹಗಾರರು, ಚಿತ್ರಕಾರರು ಸೇರಿ ಮೀನುಗಾರರ ಹಳೆಯ ಕಟ್ಟೆಯ ಮೇಲಿನ ಶೆಡ್ಡನ್ನು ರಂಗಮಂದಿರ ಮಾಡಿಕೊಂಡಿದ್ದರು. ಅವರಿಗೆ ನಾಟಕ ಬೇಕಿತ್ತು, ತಾವೇ ಬರೆದುಕೊಂಡರು. ಯೂಜೀನ್ ಓನೀಲ್ ಅವರ ನಾಟಕ ಮೊದಲ ಸಲ ರಂಗಕ್ಕೆ ಬಂದದ್ದು ಅಲ್ಲಿಯೇ. ಹಡಗಿನಲ್ಲಿ ಸಾಯುತ್ತಾ ಮಲಗಿದ ನಾವಿಕನ ಕಥೆ, ಶೆಡ್ಡಿನ ಹಲಗೆಗಳ ಕೆಳಗೆ ನಿಜವಾದ ಸಮುದ್ರ. ಇಪ್ಪತ್ತು ವರ್ಷದ ನಂತರ, 1936ರಲ್ಲಿ, ಅವರಿಗೆ ನೊಬೆಲ್ ಬಂತು.

ಅದೇ ಬೇಸಿಗೆಯಲ್ಲಿ ಅದೇ ತಂಡಕ್ಕಾಗಿ ಸೂಸನ್ ಗ್ಲಾಸ್ಪೆಲ್ 'ಟ್ರೈಫಲ್ಸ್' ಎಂಬ ಏಕಾಂಕ ಬರೆದರು. ಐದು ಪಾತ್ರ. ಒಂದೇ ಅಡುಗೆಮನೆ. ಒಬ್ಬನ ಕೊಲೆ ಆಗಿದೆ. ಗಂಡಸರು ಸಾಕ್ಷಿ ಹುಡುಕುತ್ತಾ ಮನೆಯೆಲ್ಲ ಓಡಾಡುತ್ತಾರೆ, ಮೇಲೆ ಹೋಗುತ್ತಾರೆ, ಹೊರಗೆ ಹೋಗುತ್ತಾರೆ. ಅಡುಗೆಮನೆಯಲ್ಲಿ ಉಳಿದ ಇಬ್ಬರು ಹೆಂಗಸರಿಗೆ ಅರ್ಧ ಹೊಲಿದ ಕೌದಿ, ಖಾಲಿ ಹಕ್ಕಿ ಪಂಜರ ಕಾಣುತ್ತವೆ. ಅವರಿಗೆ ಎಲ್ಲ ಅರ್ಥವಾಗುತ್ತದೆ. ಆರೋಪ ಹೊತ್ತ ಹೆಂಗಸು ರಂಗದ ಮೇಲೆ ಬರುವುದೇ ಇಲ್ಲ, ಆದರೂ ನಾಟಕ ಪೂರ್ತಿ ಅವಳೇ ಇರುತ್ತಾಳೆ. ಆ ಇಬ್ಬರಲ್ಲಿ ಒಬ್ಬರ ಪಾತ್ರವನ್ನು ಗ್ಲಾಸ್ಪೆಲ್ ತಾವೇ ಮಾಡಿದ್ದರು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ತಮ್ಮ ಕೈಯಲ್ಲಿ ಏನಿದೆಯೋ ಅದನ್ನು ನೋಡಿ ಬರೆದ ನಾಟಕ ಇದು. ಚಿಕ್ಕ ಶೆಡ್ಡು, ಕೆಲವೇ ಜನ, ಒಂದು ಜಾಗ, ಕಡಿಮೆ ಸಾಮಾನು. ಕೊರತೆ ಅನ್ನಿಸುವುದೆಲ್ಲ ಅಲ್ಲಿ ನಾಟಕದ ಬಲವೇ ಆಗಿದೆ. ಹೊಸ ತಂಡಕ್ಕೆ ಏಕಾಂಕ ಕೆಳದರ್ಜೆ ಎಂಬ ಸಂಕೋಚ ಇರುತ್ತದೆ. ಬೇಡ. ಎರಡೂವರೆ ಗಂಟೆಯ ನಾಟಕವನ್ನು ಅರೆಬರೆ ಬೇಯಿಸುವ ಬದಲು ಅರ್ಧ ಗಂಟೆಯ ಏಕಾಂಕವನ್ನು ಹದವಾಗಿ ಮಾಡಿ. ಬೇರೆ ಬೇರೆ ಎರಡು ಮೂರು ಏಕಾಂಕ ಒಂದೇ ಸಂಜೆ ಆಡಿದರೆ ಇನ್ನೂ ಒಳ್ಳೆಯದು. ಆಗ ಮುಖ್ಯ ಪಾತ್ರಗಳು ಹೆಚ್ಚಾಗುತ್ತವೆ, ನಿರ್ದೇಶನ ಕಲಿಯುವವರಿಗೂ ಜಾಗ ಸಿಗುತ್ತದೆ.

ಪ್ಯಾರಿಸ್ಸಿನಲ್ಲಿ ಆಂದ್ರೆ ಆಂತ್ವಾನ್ 1887ರಲ್ಲಿ ತಮ್ಮ ರಂಗಭೂಮಿ ಶುರು ಮಾಡಿದ್ದೂ ಹೀಗೇ, ಒಂದೇ ರಾತ್ರಿ ಕೆಲವು ಏಕಾಂಕಗಳಿಂದ. ಅವರು ಗ್ಯಾಸ್ ಕಂಪನಿಯಲ್ಲಿ ಗುಮಾಸ್ತರು. ರಂಗಸಜ್ಜಿಕೆಗೆ ದುಡ್ಡಿಲ್ಲದೆ ತಾಯಿಯ ಮನೆಯ ಮೇಜು ಕುರ್ಚಿಗಳನ್ನು ಕೈಗಾಡಿಯಲ್ಲಿ ಸಾಗಿಸಿದರು. ಬಣ್ಣ ಬಳಿದ ಪರದೆಗಳ ನಡುವೆ ನಿಜವಾದ ಹಳೇ ಕುರ್ಚಿ ಕಂಡವರಿಗೆ ನಾಟಕವೇ ಹೊಸದಾಗಿ ಕಂಡಿತು. ನೀವು ನಾಟಕ ಓದುವಾಗ ಸೆಟ್ಟಿನ ವಿವರಣೆ ನೋಡಿ ಹೆದರಬೇಡಿ. ನಟರು ನಿಜವಾಗಿ ಮುಟ್ಟುವ ವಸ್ತು ಯಾವುವು ಎಂದು ಗುರುತು ಮಾಡಿ. ಅಷ್ಟು ಇದ್ದರೆ ಬಹಳ ನಾಟಕಗಳು ನಿಲ್ಲುತ್ತವೆ. ಎಣಿಸಬೇಕಾದದ್ದು ಜಾಗ ಬದಲಾಗುವ ಸಂಖ್ಯೆ. ಅರ್ಧ ನಿಮಿಷದ ಕತ್ತಲು ಹನ್ನೆರಡು ಸಲ ಬಂದರೆ ಆರು ನಿಮಿಷ ಪ್ರೇಕ್ಷಕರು ಕತ್ತಲಲ್ಲಿ ಕುರ್ಚಿ ಎಳೆಯುವ ಸದ್ದು ಕೇಳುತ್ತಾ ಕೂರಬೇಕು.

ಹಾಸ್ಯ ನಾಟಕ ಸುಲಭ ಎಂಬ ನಂಬಿಕೆ ಎಲ್ಲ ಕಡೆ ಇದೆ. ನನ್ನ ಅನುಭವ ಬೇರೆ. ಬಾಗಿಲು ತೆರೆಯುವುದು ಒಂದು ಕ್ಷಣ ತಡವಾದರೆ ನಗು ಹೋಯಿತು. ಆ ಕರಾರುವಾಕ್ಕಾದ ಟೈಮಿಂಗಿಗೆ ಎಲ್ಲರೂ ಒಟ್ಟಿಗೆ ಮತ್ತೆ ಮತ್ತೆ ತಾಲೀಮು ಮಾಡಬೇಕು. ನಮಗೆ ಸಿಗದೇ ಇರುವುದೇ ಅದು. ಹೊಸಬರು ಜಾಸ್ತಿ ಇದ್ದಾಗ ಗಂಭೀರ ನಾಟಕವೇ ಅವರನ್ನು ಕೈ ಹಿಡಿದು ನಡೆಸುತ್ತದೆ.

ಕೊನೆಗೆ ಅನುಮತಿ. ಟಿಕೆಟ್ ಇಡದಿದ್ದರೆ ಯಾರನ್ನೂ ಕೇಳಬೇಕಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಣ ಕೊಡದ ಪ್ರೇಕ್ಷಕರ ಮುಂದೆ ಆಡುವ ಹವ್ಯಾಸಿ ತಂಡಕ್ಕೆ ಭಾರತದ ಕಾನೂನಿನಲ್ಲಿ ವಿನಾಯಿತಿ ಇದೆ ನಿಜ. ಆದರೂ ಹಕ್ಕು ಜೀವಂತವಾಗಿರುವ ನಾಟಕವನ್ನು ಸಾರ್ವಜನಿಕವಾಗಿ ಆಡುವಾಗ ಕೇಳುವುದೇ ಸರಿಯಾದ ದಾರಿ. ಭಾರತದಲ್ಲಿ ಈ ಹಕ್ಕು ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ, ಯುರೋಪಿನ ದೇಶಗಳಲ್ಲಿ 70 ವರ್ಷ. ಗ್ಲಾಸ್ಪೆಲ್ ತೀರಿಕೊಂಡದ್ದು 1948ರಲ್ಲಿ. ಎರಡು ಲೆಕ್ಕದಲ್ಲೂ ಅವರ ನಾಟಕದ ಅವಧಿ ಮುಗಿದಿದೆ. ಆದರೆ ಅದನ್ನು ಯಾರಾದರೂ ಈಚೆಗೆ ಅನುವಾದ ಮಾಡಿದ್ದರೆ ಆ ಅನುವಾದದ ಹಕ್ಕು ಅವರದು, ಅವರನ್ನು ಕೇಳಬೇಕು. ದೃಶ್ಯ ಕತ್ತರಿಸುವುದು, ಗಂಡು ಪಾತ್ರವನ್ನು ಹೆಣ್ಣು ಮಾಡುವುದು, ಇದನ್ನೂ ಅದೇ ಪತ್ರದಲ್ಲಿ ಬರೆಯಿರಿ. ಪಾತ್ರ ಹಂಚುವ ಮೊದಲೇ ಪತ್ರ ಹೋಗಲಿ. ನಾನು ಬರೆದ ಪತ್ರಗಳಿಗೆ ಬಂದ ಉತ್ತರಗಳು ಹೆಚ್ಚಿನವು ಪ್ರೀತಿಯವು. ತಮ್ಮ ನಾಟಕ ಎಲ್ಲೋ ಒಂದು ತಂಡ ಆಡುತ್ತದೆ ಎಂದರೆ ಬರೆದವರಿಗೆ ಖುಷಿ.

ಇಷ್ಟೆಲ್ಲ ಆದ ಮೇಲೆ ಎರಡು ಮೂರು ನಾಟಕ ಕೈಯಲ್ಲಿ ಉಳಿಯುತ್ತವೆ. ಆಗ ತಂಡ ಪೂರ್ತಿ ಕೂತು ಗಟ್ಟಿಯಾಗಿ ಓದಬೇಕು. ಮನಸ್ಸಿನಲ್ಲಿ ಓದಿದಾಗ ಚೆಂದ ಕಂಡ ಮಾತು ಬಾಯಿಗೆ ಬಂದಾಗ ತೊಡರುತ್ತದೆ. ಅದು ಕಿವಿಗೇ ಗೊತ್ತಾಗಬೇಕು. ಪಾತ್ರಗಳನ್ನು ಚೀಟಿ ಎತ್ತಿ ಹಂಚುತ್ತೇನೆ, ಯಾರೂ ಇದು ನನ್ನದು ಎಂದು ಅಂಟಿಕೊಳ್ಳಬಾರದು ಅಂತ. ಅರ್ಧದಲ್ಲಿ ಅದಲು ಬದಲು ಮಾಡುತ್ತೇನೆ.

ಓದು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ ಎನ್ನುತ್ತೇನೆ. ಮೊದಲು ಎಲ್ಲಕ್ಕಿಂತ ಚಿಕ್ಕ ಪಾತ್ರ ಓದಿದವರನ್ನು ಕೇಳುತ್ತೇನೆ: ಇದೊಂದಕ್ಕಾಗಿ ಎಂಟು ವಾರ ಬರುತ್ತೀರಾ? ಬರುತ್ತೇನೆ ಎನ್ನುವಾಗ ಅವರ ಮುಖ ನೋಡುತ್ತೇನೆ. ಬಾಯಿ ಒಪ್ಪಿ ಮುಖ ಒಪ್ಪದಿದ್ದರೆ ಆ ಪುಸ್ತಕ ಮುಚ್ಚಿ ಮುಂದಿನದನ್ನು ತೆಗೆಯುತ್ತೇನೆ.

ನಿಮ್ಮಲ್ಲಿ ಕೆಲವರು ಈ ವರ್ಷ ಆಡಬೇಕು ಅಂದುಕೊಂಡ ನಾಟಕಗಳನ್ನು ತಂದಿದ್ದೀರಿ ಎಂದು ಕೇಳಿದೆ. ಒಂದನ್ನು ಮುಂದೆ ಕೊಡಿ. ಹಾಳೆಯೂ ಪೆನ್ನೂ ಇಲ್ಲಿವೆ, ಮೊದಲ ಹತ್ತು ಪುಟಕ್ಕೆ ಗುರುತು ಹಾಕಿ ನೋಡೋಣ.