ಹನಿ ಬಿದ್ದಲ್ಲಿಂದ ಶುರುವಾಗುವ ನಕ್ಷೆ

ಎಲ್ಲರಿಗೂ ನಮಸ್ಕಾರ.

ನಕ್ಷೆಯಲ್ಲಿ ನದಿ ತೋರಿಸಿ ಅಂದರೆ ನಾವೆಲ್ಲ ನೀಲಿ ಗೆರೆಯ ಮೇಲೆ ಬೆರಳಿಡುತ್ತೇವೆ. ನಾನೂ ಬಹಳ ವರ್ಷ ಹಾಗೇ ಮಾಡುತ್ತಿದ್ದೆ. ಆದರೆ ಆ ಗೆರೆಯಲ್ಲಿ ಹರಿಯುವ ನೀರು ಬಂದಿದ್ದು ಎಲ್ಲಿಂದ? ಎಷ್ಟೋ ಮೈಲಿ ಆಚೆಯ ಗುಡ್ಡದ ನೆತ್ತಿಯಿಂದ, ಹೊಲದ ಬದುವಿನಿಂದ, ಮನೆಗಳ ಮಾಡಿನಿಂದ. ಗುಡ್ಡದ ನೆತ್ತಿಯ ಈ ಕಡೆ ಬಿದ್ದ ಹನಿ ಒಂದು ನದಿಗೆ ಹೋಗುತ್ತದೆ. ಒಂದು ಮಾರು ಆಚೆ ಬಿದ್ದದ್ದು ಇನ್ನೊಂದಕ್ಕೆ. ಹೀಗೆ ಒಂದು ನದಿಗೆ ನೀರು ಕಳಿಸುವ ಅಷ್ಟೂ ನೆಲವೇ ಅದರ ಜಲಾನಯನ. ನದಿ ಉಳಿಯಬೇಕಾದರೆ ಈ ಅಷ್ಟೂ ನೆಲ ನಮ್ಮ ಕಣ್ಣ ಮುಂದೆ ಇರಬೇಕು.

ತೊಂದರೆ ಏನೆಂದರೆ, ಆಡಳಿತದ ಗಡಿಗಳನ್ನು ಯಾರೂ ನೀರನ್ನು ಕೇಳಿ ಹಾಕಿಲ್ಲ. ಅಮೆರಿಕದ ಭೂವಿಜ್ಞಾನಿ ಜಾನ್ ವೆಸ್ಲಿ ಪವೆಲ್ 1890ರಲ್ಲೇ ಅಲ್ಲಿನ ಒಣ ಪ್ರದೇಶದ ಜಲಾನಯನಗಳನ್ನು ಬಣ್ಣ ಹಚ್ಚಿ ನಕ್ಷೆಯಲ್ಲಿ ತೋರಿಸಿದ್ದರು. ಆಡಳಿತವೂ ಅದೇ ಗಡಿಗಳ ಪ್ರಕಾರ ಇರಲಿ ಅಂದಿದ್ದರು. ಅದು ಜಾರಿಗೆ ಬರಲಿಲ್ಲ.

ಆಗ ಅಂಥ ನಕ್ಷೆಗೆ ವರ್ಷಗಟ್ಟಲೆ ಅಳತೆ ಬೇಕಿತ್ತು. ಇವತ್ತು ಕೆಲವು ಆನ್‌ಲೈನ್ ನಕ್ಷೆಗಳಲ್ಲಿ ನದಿಯ ಮೇಲೆ ಒಂದು ಕಡೆ ಒತ್ತಿದರೆ ಸಾಕು, ಅಲ್ಲಿಗೆ ನೀರು ಕೊಡುವ ನೆಲದ ಗಡಿ ಮೂಡುತ್ತದೆ. ಇದು ಹೇಗೆ ಅಂತ ನಿಧಾನವಾಗಿ ಹೇಳುತ್ತೇನೆ. ಹೇಗೆ ಅಂತ ಗೊತ್ತಿದ್ದರೆ, ಅದನ್ನು ಎಲ್ಲಿ ನಂಬಬಾರದು ಅನ್ನುವುದೂ ಗೊತ್ತಾಗುತ್ತದೆ.

2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿತು. ಜಗತ್ತಿನ ಸುಮಾರು ಶೇ. 80ರಷ್ಟು ನೆಲದ ಎತ್ತರವನ್ನು ರಾಡಾರ್‌ನಿಂದ ಅಳೆಯಿತು. ಆ ಅಳತೆಯನ್ನು ಚದುರಂಗದ ಹಾಸಿನ ಹಾಗೆ ಊಹಿಸಿಕೊಳ್ಳಿ. ಒಂದೊಂದು ಮನೆಯೂ ಸುಮಾರು 30 ಮೀಟರ್ ಅಗಲ, ಒಂದೊಂದಕ್ಕೂ ಒಂದು ಎತ್ತರ. ಕಂಪ್ಯೂಟರ್ ಪ್ರತಿ ಮನೆಯ ಹತ್ತಿರವೂ ನಿಂತು, ಸುತ್ತಲಿನ ಎಂಟು ಮನೆಗಳಲ್ಲಿ ಎತ್ತ ಕಡೆ ಇಳಿಜಾರು ಜಾಸ್ತಿ ಅಂತ ನೋಡುತ್ತದೆ. ನೀರನ್ನು ಆ ಕಡೆ ದಾಟಿಸುತ್ತದೆ. ಹೀಗೇ ದಾಟಿಸುತ್ತಾ ಹೋದರೆ ಯಾವ ಮನೆಯ ನೀರು ಯಾವ ಹಳ್ಳಕ್ಕೆ ಸೇರುತ್ತದೆ ಅಂತ ಗೊತ್ತಾಗುತ್ತದೆ. ಸರಳವಾಗಿದೆ, ಅಲ್ವಾ?

ಆದರೆ ದಟ್ಟ ಕಾಡಿನಲ್ಲಿ ರಾಡಾರ್ ಮರಗಳ ಎತ್ತರವನ್ನೂ ನೆಲಕ್ಕೆ ಸೇರಿಸಿಬಿಡುತ್ತದೆ. ಚಪ್ಪಟೆ ಬಯಲಿನಲ್ಲಿ ನೀರು ಎತ್ತ ತಿರುಗಬೇಕೆಂದು ಲೆಕ್ಕಕ್ಕೆ ತಿಳಿಯುವುದಿಲ್ಲ. ಎತ್ತರಿಸಿ ಹಾಕಿದ ರಸ್ತೆ ಅದರ ಪಾಲಿಗೆ ಗೋಡೆ. ಆ ರಸ್ತೆಯ ಕೆಳಗೆ ಮೋರಿ ಇದೆ ಅಂತ ಗೊತ್ತಿರುವುದು ಅಲ್ಲಿ ನಡೆದಾಡಿದವರಿಗೆ ಮಾತ್ರ.

ಇನ್ನು ಉಪಗ್ರಹದ ಚಿತ್ರಗಳು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ನೆಲದ ಚಿತ್ರ ತೆಗೆಯುತ್ತಿವೆ. 2008ರಲ್ಲಿ ಅವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಯುರೋಪಿಯನ್ ಕಮಿಷನ್ನಿನ ಜಂಟಿ ಸಂಶೋಧನಾ ಕೇಂದ್ರವು ಗೂಗಲ್ ಜೊತೆ ಸೇರಿ ಅಂಥ 30 ಲಕ್ಷ ಚಿತ್ರ ಜೋಡಿಸಿ, 2016ರಲ್ಲಿ ಜಗತ್ತಿನ ನೀರಿನ ನಕ್ಷೆ ಕೊಟ್ಟಿತು. 1984ರಿಂದ 2015ರೊಳಗೆ, ವರ್ಷವಿಡೀ ನೀರಿರುತ್ತಿದ್ದ ಸುಮಾರು 90,000 ಚದರ ಕಿಲೋಮೀಟರ್ ಜಾಗದಲ್ಲಿ ಆ ನೀರು ಇಲ್ಲವಾಗಿತ್ತು. ಬೇರೆಡೆ ಸುಮಾರು 1,84,000 ಚದರ ಕಿಲೋಮೀಟರ್ ಹೊಸದಾಗಿ ನೀರು ಕಂಡಿತ್ತು. ಸುಮ್ನೆ ಅಂಕಿ ನೋಡಿದರೆ ಖುಷಿಯಾಗುತ್ತದೆ. ಆದರೆ ಹೊಸದರಲ್ಲಿ ದೊಡ್ಡ ಪಾಲು ಅಣೆಕಟ್ಟಿನ ಹಿಂದೆ ನಿಂತ ನೀರು. ಹರಿಯುವ ನೀರೂ ನಿಂತ ನೀರೂ ನಕ್ಷೆಯಲ್ಲಿ ಒಂದೇ ನೀಲಿ. ಹೊಳೆಯ ಮೇಲಕ್ಕೆ ಈಜಿ ಮೊಟ್ಟೆಯಿಡುವ ಮೀನಿಗೆ ಮಾತ್ರ ಆ ವ್ಯತ್ಯಾಸ ಸಾವು ಬದುಕಿನದು. ಈ ನಕ್ಷೆಗಳನ್ನು ನೋಡುವಾಗ ನನ್ನನ್ನು ಜಾಸ್ತಿ ಕಾಡುವುದು ಇದೇ.

ಎರಡು ಮಾರು ಅಗಲದ ಹಳ್ಳವಂತೂ ಈ ಚಿತ್ರಗಳಿಗೆ ಸಿಗುವುದೇ ಇಲ್ಲ. ಅದನ್ನು ನಾವೇ ಬರೆಯಬೇಕು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಆನ್‌ಲೈನ್ ನಕ್ಷೆಯಲ್ಲಿ ಯಾರು ಬೇಕಾದರೂ ಬರೆಯಬಹುದು. ಅಲ್ಲೊಂದು ಪದ್ಧತಿ ಇದೆ, ನನಗೆ ಬಹಳ ಇಷ್ಟ. ಹಳ್ಳದ ಗೆರೆಯನ್ನು ನೀರು ಹರಿಯುವ ದಿಕ್ಕಿಗೇ ಎಳೆಯಬೇಕು. ತಿರುಗಿಸಿ ಎಳೆದರೆ, ಇಲ್ಲಿ ಸುರಿದ ಕೊಳಕು ಯಾರ ಬಾವಿಯ ಕಡೆ ಹೋಗುತ್ತದೆ ಅನ್ನುವ ಪ್ರಶ್ನೆಗೆ ನಕ್ಷೆ ತಪ್ಪು ಉತ್ತರ ಕೊಡುತ್ತದೆ. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಹರಿಯುವ ಹಳ್ಳಕ್ಕೂ ಅಲ್ಲಿ ಬೇರೆ ಗುರುತಿದೆ. ದಯವಿಟ್ಟು ಅದನ್ನು ಹಾಕಿ. ಒಣಗಿದಾಗ ನೋಡಿದವರು ಅದನ್ನು ಖಾಲಿ ಜಾಗ ಅಂದುಕೊಳ್ಳುತ್ತಾರೆ. ಖಾಲಿ ಜಾಗಕ್ಕೆ ಮಣ್ಣು ತುಂಬುವುದು ಸುಲಭ.

ಒಂದು ಎಚ್ಚರ ಮಾತ್ರ ಇರಲಿ. ಅಪರೂಪದ ಮೀನು ಮೊಟ್ಟೆಯಿಡುವ ಮಡು ಕಂಡರೆ ಸಾರ್ವಜನಿಕ ನಕ್ಷೆಯಲ್ಲಿ ಚುಕ್ಕಿ ಇಡಬೇಡಿ. ಆ ಚುಕ್ಕಿ ಬಲೆ ಹಾಕುವವರಿಗೂ ಕಾಣುತ್ತದೆ. ಅದನ್ನು ಕಾಯುವವರಿಗೆ ನೇರವಾಗಿ ತಿಳಿಸಿ.

ಉಳಿದ ಹಳ್ಳಗಳ ದಂಡೆಯಲ್ಲಿ ಎರಡು ಸಲ ನಡೆಯಿರಿ. ಜೋರು ಮಳೆಯ ಮರುದಿನ ಒಮ್ಮೆ, ನೆಲ ಪೂರ್ತಿ ಒಣಗಿದಾಗ ಒಮ್ಮೆ. ಎರಡೂ ಸಲ ಕಂಡದ್ದನ್ನು ದಿನಾಂಕ ಹಾಕಿ ಬರೆದಿಡಿ.