ಶಾಸಕನ ಹಾದಿಯಲ್ಲಿ ಕಾಗದದ ಪಾತ್ರ

ಕೇಳುಗರಿಗೆ ನಮಸ್ಕಾರ.

ಶಾಸಕರ ರಾಜಕೀಯ ಜೀವನ ಎಂದರೆ ನಮ್ಮ ಕಣ್ಣಮುಂದೆ ಬರುವುದು ವೇದಿಕೆ, ಭಾಷಣ, ಜಾತಿ ಲೆಕ್ಕಾಚಾರ. ಇವೆಲ್ಲ ಸರಿಯೇ. ಆದರೆ 224 ಸ್ಥಾನಗಳ ನಮ್ಮ ವಿಧಾನಸಭೆಯಲ್ಲಿ ಒಬ್ಬರನ್ನು ಒಳಗೆ ಬಿಡುವುದೂ ಹೊರಗೆ ಕಳಿಸುವುದೂ ಕೊನೆಗೆ ಒಂದು ಹಾಳೆ ಕಾಗದ. ಆ ಕಾಗದ ಕೈಕೊಡುವುದು ಎಲ್ಲೆಲ್ಲಿ, ನೋಡೋಣ.

ಮೊದಲನೆಯದು ಬಿ ಫಾರಂ, ಅಂದರೆ ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಮೇಜಿನ ಮೇಲಿರಬೇಕು. ಪಕ್ಷದ ಪದಾಧಿಕಾರಿ ಶಾಯಿಯಲ್ಲೇ ಸಹಿ ಹಾಕಿರಬೇಕು. ಮುದ್ರೆಯ ಸಹಿ, ನಕಲು ಪ್ರತಿ ನಡೆಯುವುದಿಲ್ಲ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ 10 ಮಂದಿ ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಎಡವಟ್ಟಾಗುವುದು ಇಲ್ಲೇ. ಬಿ ಫಾರಂ ಬಂದೇ ಬರುತ್ತದೆ ಎಂದು ನಂಬಿ ಒಬ್ಬ ಸೂಚಕನ ಸಹಿಯಷ್ಟೇ ಹಾಕಿಸಿದವರು, ಅದು ಕೈತಪ್ಪಿದರೆ ಪಕ್ಷೇತರರಾಗಿಯೂ ಉಳಿಯುವುದಿಲ್ಲ. ಪರಿಶೀಲನೆಯ ದಿನ ನಾಮಪತ್ರವೇ ತಿರಸ್ಕೃತ. ಪಳಗಿದವರು ನಾಮಪತ್ರವನ್ನು 4 ಸೆಟ್‌ವರೆಗೆ ಸಲ್ಲಿಸುವ ಅವಕಾಶ ಬಳಸಿಕೊಂಡು, ಒಂದರಲ್ಲಿ 10 ಸೂಚಕರ ಸಹಿ ಹಾಕಿಸಿಟ್ಟಿರುತ್ತಾರೆ. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000; ಸೆಟ್ ಎಷ್ಟಿದ್ದರೂ ಕಟ್ಟುವುದು ಒಂದೇ ಸಲ. ಆಸ್ತಿ, ಮೊಕದ್ದಮೆಗಳ ವಿವರ ಕೊಡುವ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಅನ್ವಯಿಸದ ಕಾಲಂಗೂ "ಇಲ್ಲ" ಎಂದು ಬರೆಯಲೇಬೇಕು. ಖಾಲಿ ಬಿಟ್ಟರೆ ಅಧಿಕಾರಿ ತುಂಬಿಕೊಡಿ ಎಂದು ನೋಟಿಸ್ ಕೊಡುತ್ತಾರೆ. ಆಗಲೂ ತುಂಬದಿದ್ದರೆ ಕಥೆ ಮುಗಿಯಿತು.

ಎಣಿಕೆಯ ದಿನದ ಮಾತಿಗೆ ಬಂದರೆ, 2004ರ ಸಂತೇಮರಹಳ್ಳಿಯನ್ನು ಮರೆಯುವಂತಿಲ್ಲ. ಆರ್. ಧ್ರುವನಾರಾಯಣ 40,752 ಮತ, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಮತ! ಗೆದ್ದವರು ಮುಂದೆ ಚಾಮರಾಜನಗರದಿಂದ ಎರಡು ಬಾರಿ ಸಂಸದರಾದರು. ಕೃಷ್ಣಮೂರ್ತಿ ಮತ್ತೆ ಶಾಸಕರಾದದ್ದು 2023ರಲ್ಲಿ, ಕೊಳ್ಳೇಗಾಲದಿಂದ. ಅದೇ 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ರಾತ್ರಿಯವರೆಗೂ ಎಳೆದಾಡಿತು. ತಿರಸ್ಕರಿಸಿದ್ದ ಅಂಚೆ ಮತಗಳನ್ನು ಮತ್ತೆ ಪರಿಶೀಲಿಸಿದ ಮೇಲೆ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು. ಮತದ ಜೊತೆ ಮತದಾರ ಕಳಿಸುವ ಘೋಷಣಾ ಪತ್ರಕ್ಕೆ ಸಹಿ ಇಲ್ಲದಿದ್ದರೆ, ದೃಢೀಕರಣ ಇಲ್ಲದಿದ್ದರೆ ಅಂಚೆ ಮತ ಬಿದ್ದುಹೋಗುತ್ತದೆ. ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಗೆಲುವಿನ ಅಂತರ ಕಡಿಮೆಯಿದ್ದರೆ ಅವನ್ನೆಲ್ಲ ಮತ್ತೊಮ್ಮೆ ನೋಡಲೇಬೇಕೆಂಬುದು ನಿಯಮ. ಎಣಿಕೆ ಏಜೆಂಟರಿಗೆ ಈ ನಿಯಮ ಬಾಯಿಪಾಠವಿರಬೇಕು.

ಗೆದ್ದವರು ಹಾರ ಹಾಕಿಸಿಕೊಳ್ಳುತ್ತಾರೆ, ಸೋತವರು ಮನೆಗೆ ಹೋಗುತ್ತಾರೆ. ಖರ್ಚಿನ ಲೆಕ್ಕ ಮಾತ್ರ ಇಬ್ಬರೂ ಕೊಡಬೇಕು. ಮಿತಿ 40 ಲಕ್ಷ ರೂಪಾಯಿ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಎಲ್ಲ ಖರ್ಚೂ ಅದರ ಮೂಲಕವೇ ಹೋಗಬೇಕು. ಚುನಾವಣಾ ಆಯೋಗದ ಸಿಬ್ಬಂದಿ ಪೆಂಡಾಲು, ಕುರ್ಚಿ, ವಾಹನಗಳನ್ನು ಎಣಿಸಿ ತಮ್ಮದೇ ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ಅಭ್ಯರ್ಥಿಯ ಪುಸ್ತಕಕ್ಕೂ ಅದಕ್ಕೂ ತಾಳೆಯಾಗದಿದ್ದರೆ ವಿವರಣೆ ಕೇಳುತ್ತಾರೆ. ಫಲಿತಾಂಶದ ದಿನದಿಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಸಲ್ಲಿಸಬೇಕು. ಸೂಕ್ತ ಕಾರಣವಿಲ್ಲದೆ ತಪ್ಪಿಸಿದರೆ ಆಯೋಗ 3 ವರ್ಷ ಅನರ್ಹಗೊಳಿಸಬಹುದು. ಸೋತ ಪಕ್ಷೇತರರು ಇದನ್ನು ಹಗುರವಾಗಿ ತೆಗೆದುಕೊಂಡು ಸಿಕ್ಕಿಬೀಳುತ್ತಾರೆ.

ಶಾಸಕರಾದ ಮೇಲೂ ಕಾಗದ ಬೆನ್ನು ಬಿಡುವುದಿಲ್ಲ. ಸದನದಲ್ಲಿ ಕೇಳಲು ಬರೆದುಕೊಡುವ ಪ್ರಶ್ನೆಗಳಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಬಾಯಿಮಾತಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆಗೂ ಅವಕಾಶವಿದೆ. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರವಷ್ಟೇ. ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಶಾಸಕರದು ಶಿಫಾರಸು ಮಾತ್ರ, ಮಂಜೂರಾತಿ ಜಿಲ್ಲಾಧಿಕಾರಿಯದು. ಸಮುದಾಯ ಭವನಕ್ಕೆ ತೋರಿಸಿದ ಜಾಗ ಖಾಸಗಿಯವರ ಹೆಸರಲ್ಲಿದ್ದರೆ ಕಡತ ಅಲ್ಲೇ ನಿಂತಿತು. ಪಹಣಿ ನೋಡದೆ ಭೂಮಿಪೂಜೆ ಮಾಡಿಸುವ ಉತ್ಸಾಹ ನಮ್ಮಲ್ಲಿ ಸ್ವಲ್ಪ ಹೆಚ್ಚೇ.

ಎಲ್ಲಕ್ಕಿಂತ ತೂಕದ ಕಾಗದ ರಾಜೀನಾಮೆ ಪತ್ರ. ಸಂವಿಧಾನದ 190ನೇ ವಿಧಿಯಂತೆ ಅದು ಸ್ವಇಚ್ಛೆಯದೇ, ನೈಜವೇ ಎಂಬುದು ಸಭಾಧ್ಯಕ್ಷರಿಗೆ ಮನವರಿಕೆಯಾಗಬೇಕು. 2019ರ ಜುಲೈನಲ್ಲಿ ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರದ ಶಾಸಕರು ಸಾಲಾಗಿ ಪತ್ರ ಕೊಟ್ಟಾಗ, 13 ಪತ್ರಗಳಲ್ಲಿ 8 ನಿಗದಿತ ನಮೂನೆಯಲ್ಲೇ ಇಲ್ಲ ಎಂದರು ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್. ಜುಲೈ 23ರಂದು ವಿಶ್ವಾಸಮತದಲ್ಲಿ 99ಕ್ಕೆ 105ರಿಂದ ಸರ್ಕಾರ ಬಿತ್ತು. ಆ ತಿಂಗಳು ಮುಗಿಯುವುದರೊಳಗೆ 17 ಮಂದಿ ಸಂವಿಧಾನದ ಹತ್ತನೇ ಅನುಸೂಚಿಯಡಿ, ಅಂದರೆ ಪಕ್ಷಾಂತರ ನಿಷೇಧ ನಿಯಮದಡಿ, ಅನರ್ಹರಾದರು. ರಾಜೀನಾಮೆ ಅಂಗೀಕಾರವಾಗಿದ್ದರೆ ಬರೀ ಸ್ಥಾನ ಹೋಗುತ್ತಿತ್ತು. ಅನರ್ಹತೆಗೆ ಬಾಲವಿದೆ: ಮತ್ತೆ ಚುನಾಯಿತರಾಗುವವರೆಗೆ ಅಥವಾ ಸದನದ ಅವಧಿ ಮುಗಿಯುವವರೆಗೆ ಸಚಿವರಾಗುವಂತಿಲ್ಲ.

ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸದಂತೆ ಸಭಾಧ್ಯಕ್ಷರು ಹಾಕಿದ್ದ ತಡೆ ತೆಗೆಯಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು, ಮತ್ತೆ ಕಣಕ್ಕಿಳಿದ ಅನರ್ಹರಲ್ಲಿ ಹೆಚ್ಚಿನವರು ಗೆದ್ದು ಬಂದರು. ಹುಣಸೂರಿನಲ್ಲಿ ಎ.ಎಚ್. ವಿಶ್ವನಾಥ್, ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಸೋತರು. 2020ರಲ್ಲಿ ಇಬ್ಬರೂ ವಿಧಾನ ಪರಿಷತ್ತಿಗೆ ಬಂದರು. ನಾಗರಾಜ್ ಶಾಸಕರೇ ಮತ ಹಾಕುವ ಮತಕ್ಷೇತ್ರದಿಂದ ಚುನಾಯಿತರು, ವಿಶ್ವನಾಥ್ ರಾಜ್ಯಪಾಲರಿಂದ ನಾಮನಿರ್ದೇಶಿತರು. ಹೊರಗಿನಿಂದ ನೋಡಿದವರಿಗೆ ಇಬ್ಬರೂ ಎಂಎಲ್‌ಸಿ, ಕೂರುವ ಸದನ ಒಂದೇ. ಆದರೆ ನಾಮನಿರ್ದೇಶನ ಚುನಾವಣೆಯಲ್ಲ ಎಂದಿತು ಹೈಕೋರ್ಟ್. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಅದೇ ತಿಂಗಳು ನಾಗರಾಜ್ ಸಚಿವರಾಗಿ ಪ್ರಮಾಣ ವಚನ ಸ್ವೀಕರಿಸಿದ್ದರು. ವಿಶ್ವನಾಥ್ ಅವರಿಗೆ ಆ ವಿಧಾನಸಭೆಯ ಅವಧಿ ಮುಗಿಯುವ 2023ರವರೆಗೂ ಸಂಪುಟದ ಬಾಗಿಲು ತೆರೆಯಲಿಲ್ಲ.

ನಮಸ್ಕಾರ.