ದಾಟಿದ ಜಿಂಕೆ, ದಾಟದೆ ನಿಂತ ಜಿಂಕೆ

ಕೇಳುಗರಿಗೆ ನಮಸ್ಕಾರ.

ಗುಂಡ್ಲುಪೇಟೆಯಿಂದ ಊಟಿಯ ಕಡೆಗಾಗಲಿ, ಸುಲ್ತಾನ್ ಬತ್ತೇರಿಯ ಕಡೆಗಾಗಲಿ ಹೊರಟ ವಾಹನಗಳಿಗೆ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಬಂಡೀಪುರದ ಕಾಡಿನೊಳಗೆ ಪ್ರವೇಶವಿಲ್ಲವೆಂಬುದು ಈ ಭಾಗದಲ್ಲಿ ಓಡಾಡುವವರಿಗೆಲ್ಲ ಗೊತ್ತಿರುವ ಸಂಗತಿ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಈ ಆದೇಶ ಹೊರಡಿಸಿದ್ದು, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡದ್ದು, ವಿಷಯ ಹೈಕೋರ್ಟಿನ ಮೆಟ್ಟಿಲೇರಿ 2010ರಲ್ಲಿ ನಿಷೇಧವೇ ಊರ್ಜಿತವಾದದ್ದು, ಅಲ್ಲಿಂದ ಮುಂದೆ ಅದು ಸುಪ್ರೀಂ ಕೋರ್ಟಿಗೆ ಹೋದದ್ದು, ಇವೆಲ್ಲ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿವೆ. ಆ ವ್ಯಾಜ್ಯವನ್ನು ನಾನು ಇಲ್ಲಿ ಮತ್ತೆ ಕೆದಕುವುದಿಲ್ಲ. ನಾನು ಹೇಳಬೇಕೆಂದಿರುವುದು ಗೇಟು ಮುಚ್ಚಿದ ಮೇಲಿನ ಮಾತಲ್ಲ, ಮುಚ್ಚುವುದಕ್ಕೆ ಮುಂಚಿನ ಒಂದೆರಡು ಗಂಟೆಗಳ ಮಾತು.

ಡಿಸೆಂಬರ್ ತಿಂಗಳಲ್ಲಿ ನಮ್ಮ ಕಡೆ ಆರು ಗಂಟೆಯ ಆಸುಪಾಸಿನಲ್ಲಿ ಸೂರ್ಯ ಮುಳುಗಿ, ಆರೂವರೆಯ ಹೊತ್ತಿಗೆಲ್ಲ ಕಾಡಿನ ರಸ್ತೆ ಕತ್ತಲಾಗುತ್ತದೆ. ಅಂದರೆ ಗೇಟು ಹಾಕುವ ಮುನ್ನ ಎರಡೂವರೆ ಗಂಟೆಗಳ ಕಾಲ ಕತ್ತಲೂ ಇರುತ್ತದೆ, ರಸ್ತೆಯೂ ತೆರೆದಿರುತ್ತದೆ. ಗಂಟೆ ಎಂಟು ದಾಟಿತೆಂದರೆ ಗುಂಡ್ಲುಪೇಟೆ ಬಿಟ್ಟ ಪ್ರತಿಯೊಬ್ಬ ಚಾಲಕನ ಬಾಯಲ್ಲೂ ಒಂದೇ ಮಾತು: ಗೇಟ್ ಹಾಕೋಕೆ ಮುಂಚೆ ದಾಟಿಬಿಡೋಣ. ಟೊಮೆಟೊ, ಬೀನ್ಸು ತುಂಬಿದ ಲಾರಿ, ಊಟಿಗೆ ರೂಮು ಬುಕ್ ಮಾಡಿಸಿಕೊಂಡ ಕುಟುಂಬದ ಕಾರು, ಬಾಡಿಗೆ ಟ್ಯಾಕ್ಸಿ, ಎಲ್ಲವೂ ಅದೇ ಅವಸರದಲ್ಲಿ ಊಟಿ ದಾರಿಯ ಮೇಲುಕಾಮನಹಳ್ಳಿಯ ಇಲ್ಲವೇ ಬತ್ತೇರಿ ದಾರಿಯ ಮದ್ದೂರಿನ ಚೆಕ್‌ಪೋಸ್ಟಿನತ್ತ ಓಡುತ್ತವೆ. ಚೆಕ್‌ಪೋಸ್ಟು ದಾಟಿದ ಮೇಲಾದರೂ ವೇಗ ತಗ್ಗೀತೆಂದರೆ, ಆಚೆ ತುದಿಯ ಚಿಂತೆ ಶುರುವಾಗಿರುತ್ತದೆ. ರಾತ್ರಿಯ ನಿಷೇಧವನ್ನು ನಾನು ಮನಃಪೂರ್ವಕವಾಗಿ ಒಪ್ಪುವವನು. ಆದರೆ ಆ ನಿಷೇಧವೇ ತನ್ನ ಅಂಚಿನಲ್ಲಿ ಇಂಥದೊಂದು ಓಟವನ್ನು ಹುಟ್ಟುಹಾಕಿದೆ ಎಂಬುದನ್ನೂ ಮರೆಮಾಚಲಾರೆ.

ಆ ಹೊತ್ತಿನಲ್ಲಿ ಜಿಂಕೆಗಳು ಎಲ್ಲಿರುತ್ತವೆ? ಬಹುಮಟ್ಟಿಗೆ ರಸ್ತೆಯ ಪಕ್ಕದಲ್ಲೇ ಇರುತ್ತವೆ. ಚುಕ್ಕೆ ಜಿಂಕೆಗಳ ಹಿಂಡು ಮುಸ್ಸಂಜೆಗೆ ಚುರುಕಾಗಿ ಮೇಯುತ್ತದೆ, ಕತ್ತಲಾದ ಮೇಲೆ ಪೊದೆಗಳ ಸಹವಾಸ ಬಿಟ್ಟು ಬಯಲು ಜಾಗದಲ್ಲಿ ತಂಗುತ್ತದೆ. ಹೊಂಚು ಹಾಕುವ ಚಿರತೆ ಹತ್ತಿರಕ್ಕೆ ಬರಬೇಕಾದರೆ ಮರೆ ಬೇಕು, ಬಯಲಿನಲ್ಲಿ ಆ ಮರೆ ಸಿಕ್ಕುವುದಿಲ್ಲ. ಬಂಡೀಪುರದ ಪ್ರವಾಸಿ ವಸತಿಗಳ ಅಂಗಳದಲ್ಲಿ ರಾತ್ರಿ ಹಿಂಡುಗಟ್ಟಲೆ ಜಿಂಕೆಗಳು ಮಲಗಿರುವುದನ್ನು ಅಲ್ಲಿ ಉಳಿದುಕೊಂಡವರೆಲ್ಲ ನೋಡಿರುತ್ತಾರೆ. ಹೆದ್ದಾರಿಯ ಅಂಚೂ ಅವುಗಳ ಪಾಲಿಗೆ ಅಂಥದೇ ಬಯಲು. ರಸ್ತೆಯ ಎರಡೂ ಬದಿಯ ಲಂಟಾನವನ್ನು ಕಡಿದು ತೆರವುಗೊಳಿಸಿರುವುದರಿಂದ ಅಲ್ಲಿ ಬಿಸಿಲು ಬಿದ್ದು ಹುಲ್ಲು ಚೆನ್ನಾಗಿ ಬರುತ್ತದೆ, ಬೇಸಗೆಯ ಮೊದಲ ಮಳೆ ಬಿದ್ದ ವಾರದೊಳಗೆ ಎಳೆ ಚಿಗುರು ಮೊದಲು ಕಾಣಿಸುವುದೂ ಅಲ್ಲಿಯೇ. ಪ್ರಾಣಿಗಳು ದೂರದಿಂದಲೇ ಕಾಣಲಿ ಎಂದು ಮಾಡಿದ ಕೆಲಸ ಅವುಗಳನ್ನು ಹತ್ತಿರಕ್ಕೂ ಕರೆಯುತ್ತದೆ.

ಇನ್ನು ಜಿಂಕೆ ರಸ್ತೆ ದಾಟುವ ಬಗೆ. ಹಿಂಡಿನ ಮುಂದೆ ಸಾಮಾನ್ಯವಾಗಿ ವಯಸ್ಸಾದ ಹೆಣ್ಣೊಂದು ಇರುತ್ತದೆ. ಅದು ಅಂಚಿಗೆ ಬಂದು ಕತ್ತೆತ್ತಿ, ಕಿವಿ ತಿರುಗಿಸಿ, ಮುಂಗಾಲಿನಿಂದ ನೆಲ ತಟ್ಟಿ, ಆಮೇಲೆ ದಾಟುತ್ತದೆ. ಮಿಕ್ಕವು ಒಂದರ ಹಿಂದೊಂದು ಎಳೆದುಕೊಂಡು ಹೋಗುತ್ತವೆ, ನಡುವೆ ಒಂದೆರಡು ಹಿಂಜರಿದು ನಿಲ್ಲುತ್ತವೆ. ನಮ್ಮ ಚಾಲಕ ಮೊದಲನೆಯದನ್ನು ಕಂಡು ಬ್ರೇಕು ಒತ್ತುತ್ತಾನೆ, ಅದು ದಾಟಿತೆಂದು ನೆಮ್ಮದಿಯಾಗಿ ಮತ್ತೆ ಆಕ್ಸಿಲರೇಟರ್ ತುಳಿಯುತ್ತಾನೆ. ಅನಾಹುತವಾಗುವುದು ಆ ನೆಮ್ಮದಿಯಲ್ಲಿ. ಈಚೆ ಬದಿಯಲ್ಲಿ ಉಳಿದದ್ದಕ್ಕೆ ವಾಹನಕ್ಕಿಂತಲೂ ಹಿಂಡು ತಪ್ಪುವ ಭಯ ದೊಡ್ಡದು, ಆದ್ದರಿಂದ ಬೆಳಕು ಹತ್ತಿರವಾದಷ್ಟೂ ಅದು ಹಿಂದಕ್ಕೆ ಹೋಗುವ ಬದಲು ಮುಂದಕ್ಕೇ ಹಾರುತ್ತದೆ. ದಾಟಿದ ಜಿಂಕೆಯ ಲೆಕ್ಕ ಮುಗಿಯಿತು, ಚಾಲಕ ಹುಡುಕಬೇಕಾದದ್ದು ದಾಟದೆ ನಿಂತದ್ದನ್ನು.

ಜಿಂಕೆ ಹೆಡ್‌ಲೈಟಿನ ಎದುರು ಮರಗಟ್ಟಿ ನಿಲ್ಲುವುದನ್ನು ಪೆದ್ದುತನವೆಂದು ನಗುವವರಿದ್ದಾರೆ. ಅದರ ಕಣ್ಣು ಕತ್ತಲಿಗೆಂದೇ ಆದ ಕಣ್ಣು. ಅಕ್ಷಿಪಟಲದ ಹಿಂದೆ ಇರುವ ಒಂದು ಪದರ, ಒಳಗೆ ಬಂದ ಬೆಳಕನ್ನು ಹಿಂದಕ್ಕೆ ಹೊಮ್ಮಿಸಿ ಎರಡನೆಯ ಸಲ ಬಳಸಿಕೊಳ್ಳುತ್ತದೆ. ನಮಗೆ ದೂರದಿಂದ ಕಾಣುವ ಹೊಳಪು ಆ ಪದರದ್ದೇ. ಅಗಲವಾಗಿ ತೆರೆದುಕೊಂಡ ಇಂಥ ಕಣ್ಣಿಗೆ ಹೈಬೀಮ್ ನೇರವಾಗಿ ಬಿದ್ದಾಗ ಕಣ್ಣು ಕೋರೈಸಿ, ಬರುತ್ತಿರುವುದು ಏನು, ಎಷ್ಟು ದೂರದಲ್ಲಿದೆ, ಯಾವುದೂ ತಿಳಿಯದಂತಾಗುತ್ತದೆ. ಅಪಾಯ ಎಲ್ಲಿದೆಯೆಂದು ಗೊತ್ತಾಗುವವರೆಗೆ ಅಲುಗದಿರುವುದು ಹುಲಿಯ ಎದುರು ಅದನ್ನು ಉಳಿಸಿದ ಪಾಠ, ಲಾರಿಯ ಎದುರು ಅದು ಕೆಲಸಕ್ಕೆ ಬಾರದು. ಇನ್ನೊಂದು ಮಾತು: ಹೊಳಪು ಕಾಣಬೇಕಾದರೆ ಪ್ರಾಣಿ ನಮ್ಮ ಕಡೆ ನೋಡುತ್ತಿರಬೇಕು. ಆಚೆ ಮುಖ ಮಾಡಿ ಮೇಯುತ್ತಿರುವ ಜಿಂಕೆಯ ಕಣ್ಣು ಹೊಳೆಯುವುದಿಲ್ಲ.

ಕಡವೆಯ ವಿಷಯದಲ್ಲಂತೂ ಈ ಎಚ್ಚರ ಇನ್ನೂ ಅಗತ್ಯ. ಅದು ಮುಖ್ಯವಾಗಿ ರಾತ್ರಿಯ ಪ್ರಾಣಿ, ಒಂಟಿಯಾಗಿಯೋ ತಾಯಿಮರಿಗಳಾಗಿಯೋ ತಿರುಗುವಂಥದ್ದು, ಮೈಬಣ್ಣ ಮಂಕಾದ ಕಂದು. ಬೆಳೆದ ಗಂಡು ಇನ್ನೂರು ಕಿಲೋಗೂ ಮೀರಿ ತೂಗುತ್ತದೆ, ಕಾಲು ಉದ್ದ. ಕಾರು ಬಡಿದರೆ ಆ ಮೈಭಾರ ಬಾನೆಟ್ಟಿನ ಮೇಲೆ ಉರುಳಿ ಮುಂದಿನ ಗಾಜಿಗೇ ಬರುತ್ತದೆ. ಒಮ್ಮೆ ಮದ್ದೂರು ದಾಟಿ ಕೇರಳದ ಗಡಿಯ ಮೂಲೆಹೊಳೆಯ ಕಡೆ ಹೋಗುವಾಗ ಹೆಣ್ಣು ಕಡವೆಯೊಂದು ಮೋರಿಯ ಪಕ್ಕದಿಂದ ಟಾರಿನ ಮೇಲೆ ಬಂದು ನಿಂತಿತು. ಜೀಪು ನಡೆಸುತ್ತಿದ್ದವರು ಆ ಕಡೆಯವರೇ ಆದ ಹಿರಿಯರು. ನಿಲ್ಲಿಸಿ, ಲೈಟು ತಗ್ಗಿಸಿದರು. ಕಡವೆ ಎರಡು ಹೆಜ್ಜೆ ಇಟ್ಟು ಅವಸರಪಟ್ಟಿತು, ಗಟ್ಟಿ ಗೊರಸು ನುಣ್ಣನೆಯ ಟಾರಿನ ಮೇಲೆ ಜಾರಿ ಹಿಂಗಾಲೆರಡೂ ಅಗಲವಾದವು, ಮೊಣಕಾಲೂರಿ ಎದ್ದು ಆಚೆಗೆ ಹೋಯಿತು. ನಾನು ಹೊರಡೋಣವೆಂದೆ. "ತಡೀರಿ ಸಾ, ಹಿಂದ್ಗಡೆ ಮರಿ ಅದ" ಎಂದರು. ನನಗೆ ಏನೂ ಕಾಣಲಿಲ್ಲ. ಒಂದಷ್ಟು ಹೊತ್ತು ಕಾದ ಮೇಲೆ ಹುಲ್ಲಿನಿಂದ ಮರಿ ಎದ್ದು ಬಂತು. ಅವರು ನೋಡುತ್ತಿದ್ದದ್ದು ಮರಿಯನ್ನಲ್ಲ, ಆಚೆ ನಿಂತು ಈಚೆಗೇ ಕಿವಿ ನಿಮಿರಿಸಿದ್ದ ತಾಯಿಯನ್ನು.

ವೇಗದ ಲೆಕ್ಕ ಬಹಳ ಸರಳ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಂಡದ್ದು ಮನಸ್ಸಿಗೆ ಹತ್ತಿ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ ಅಲ್ಲಿಗೆ 33 ಮೀಟರ್, ಆಮೇಲೆ ಒಣ ರಸ್ತೆಯಲ್ಲೂ ಗಾಡಿ ನಿಲ್ಲಲು ಇನ್ನೊಂದು 35 ಮೀಟರಿನಷ್ಟು ಬೇಕು, ಒಟ್ಟು 70 ಮೀಟರಿನ ಸಮೀಪ. ಲೋಬೀಮಿನ ಬೆಳಕಿನಲ್ಲಿ ರಸ್ತೆ ಸ್ಪಷ್ಟವಾಗಿ ಕಾಣುವುದು ಅಷ್ಟು ದೂರವಿಲ್ಲ. 40ರ ವೇಗದಲ್ಲಿ ಅದೇ ಲೆಕ್ಕ 26 ಮೀಟರಿನಲ್ಲಿ ಮುಗಿಯುತ್ತದೆ. ಮದ್ದೂರಿನಿಂದ ಮೂಲೆಹೊಳೆಗೆ ಸುಮಾರು 20 ಕಿಲೋಮೀಟರ್ ಎಂದಿಟ್ಟುಕೊಂಡರೆ, 60ರ ಬದಲು 40ರಲ್ಲಿ ಹೋದವನು ಕಳೆದುಕೊಳ್ಳುವುದು ಹತ್ತು ನಿಮಿಷ. ಹಂಪುಗಳನ್ನು ಬೈಯುತ್ತಾ ಹೋಗುವವರು ಈ ಹತ್ತು ನಿಮಿಷವನ್ನು ಗುಂಡ್ಲುಪೇಟೆಯ ಕಾಫಿಯಲ್ಲೇ ಉಳಿಸಿಕೊಳ್ಳಬಹುದು.

ಜಿಂಕೆ ಎದುರಾದಾಗ ಸ್ಟೇರಿಂಗ್ ತಿರುಗಿಸುವುದೇ ಹೆಚ್ಚು ಅಪಾಯಕರ. ಪಕ್ಕದಲ್ಲಿ ಮರವಿದೆ, ಎದುರಿಗೆ ಇನ್ನೊಂದು ವಾಹನ ಬರುತ್ತಿರಬಹುದು. ಗಾಡಿಯನ್ನು ತನ್ನ ಸಾಲಿನಲ್ಲೇ ನೇರವಾಗಿ ಹಿಡಿದು ಬ್ರೇಕು ಒತ್ತಬೇಕು, ಬೆಳಕು ತಗ್ಗಿಸಬೇಕು, ಹಿಂದಿನವರಿಗೆ ತಿಳಿಯುವಂತೆ ಇಂಡಿಕೇಟರುಗಳನ್ನು ಒಟ್ಟಿಗೆ ಮಿನುಗಿಸಬೇಕು. ಕಾಡಿನೊಳಗೆ ಹಾರ್ನು ಬೇಡ. ಬೈಕಿನವರಿಗೆ ಸುತ್ತ ಕವಚವಿಲ್ಲದ ಕಾರಣ, ಕತ್ತಲಾದ ಮೇಲೆ ಆ ದಾರಿಗೆ ಇಳಿಯದಿರುವುದೇ ಲೇಸು.

ಮಧ್ಯ ಭಾರತದ ಪೆಂಚ್ ಹುಲಿ ಮೀಸಲು ಪ್ರದೇಶದ ಬಳಿ ರಾಷ್ಟ್ರೀಯ ಹೆದ್ದಾರಿ 44ನ್ನು ಅಗಲಗೊಳಿಸಿದಾಗ, ಪ್ರಾಣಿಗಳು ಅಡಿಯಿಂದ ಹಾದುಹೋಗಲೆಂದು ರಸ್ತೆಯನ್ನೇ ಅಲ್ಲಲ್ಲಿ ಮೇಲಕ್ಕೆತ್ತಿದ್ದಾರೆ. ಅಡಿಯಲ್ಲಿ ಇಟ್ಟ ಕ್ಯಾಮೆರಾಗಳಲ್ಲಿ ಹುಲಿಯೂ ಸಿಕ್ಕಿದೆ, ಚುಕ್ಕೆ ಜಿಂಕೆಯಂತೂ ಧಾರಾಳವಾಗಿ ಸಿಕ್ಕಿದೆ. ಬಂಡೀಪುರಕ್ಕೂ ಎತ್ತರದ ರಸ್ತೆಯ ಪ್ರಸ್ತಾಪ ಬಂದಿತ್ತು, ಕರ್ನಾಟಕ ಒಪ್ಪಲಿಲ್ಲ. ಒಪ್ಪದಿದ್ದುದು ಸರಿಯೆಂದೇ ನನ್ನ ಅಭಿಪ್ರಾಯ: ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಬಳಸಿ ಹೋಗುವ ದಾರಿ ಇರುವಾಗ, ಕಾಡಿನ ನಡುವೆ ವರ್ಷಗಟ್ಟಲೆ ಕ್ರೇನು, ಕಾಂಕ್ರೀಟು ತರುವ ಅಗತ್ಯವಿಲ್ಲ.

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಪೆಟ್ಟು ಬಿದ್ದೇ ಬೀಳುತ್ತದೆ. ಆಗ ಗಾಡಿಯನ್ನು ಸುರಕ್ಷಿತವಾದ ಕಡೆ ನಿಲ್ಲಿಸಿ, ಕಾಡಿನೊಳಗಾದರೆ ಕೆಳಗಿಳಿಯದೆ, ಹತ್ತಿರದ ಚೆಕ್‌ಪೋಸ್ಟಿಗಾಗಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕಾಗಲಿ ತಿಳಿಸಬೇಕು. ಗಾಯಗೊಂಡ ಜಿಂಕೆಯ ಮೈ ಸವರಲು, ನೀರು ಕುಡಿಸಲು ಹೋಗಬಾರದು. ಅದರ ಒದೆತ ಬಲವಾದದ್ದು, ಮನುಷ್ಯನ ಸ್ಪರ್ಶದ ಭಯವೇ ಅದರ ಪ್ರಾಣಕ್ಕೆ ಎರವಾಗಬಹುದು. ಸತ್ತದ್ದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋದ ಕಥೆಗಳನ್ನು ಹೆಮ್ಮೆಯಿಂದ ಹೇಳುವವರನ್ನೂ ನಾನು ಕೇಳಿದ್ದೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 39ನೆಯ ಕಲಮಿನ ಪ್ರಕಾರ, ಸತ್ತು ಬಿದ್ದಿದ್ದ ಪ್ರಾಣಿಯಾಗಲಿ, ಕೈತಪ್ಪಿ ಕೊಂದ ಪ್ರಾಣಿಯಾಗಲಿ, ಅದು ಸರ್ಕಾರದ ಸ್ವತ್ತು; ಅದು ಯಾರ ವಶಕ್ಕೆ ಬಂದಿದ್ದರೂ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ವರದಿ ಮಾಡಲೇಬೇಕು. ಕರೆ ಮಾಡುವಾಗ ರಸ್ತೆಯ ಹೆಸರಿನ ಜೊತೆಗೆ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಹೇಳಿದರೆ, ಸಿಬ್ಬಂದಿ ಕತ್ತಲಲ್ಲಿ ಹುಡುಕುವ ಸಮಯ ಉಳಿಯುತ್ತದೆ.

ನಮಸ್ಕಾರ.